ನಿದ್ದೆ ಬಾರದ ಅಮಲು

ಅಂಕೋಲೆಯಿಂದ ಕಾರವಾರದ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ವೈನ್ ಶಾಪ್ ಇದ್ದ ಕಡೆಯಲ್ಲೆಲ್ಲ ಅದರ ಮಗ್ಗುಲಿಗೆ ಒಂದು ಗೂಡಂಗಡಿ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ, ಸೋಡಾ, ಬೇಯಿಸಿದ ಮೊಟ್ಟೆ, ಖಾರದ ಶೇಂಗಾ ಪೊಟ್ಟಣ, ಇಷ್ಟರ ಮೇಲೆಯೇ ಅಲ್ಲಿಯ ಸಂಜೆಯ ವ್ಯಾಪಾರ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಸೋಡಾದ ಕ್ರೇಟು ಹಿಂದಕ್ಕೆ ಸರಿದು, ಫ್ರಿಜ್ಜಿನ ಮುಂದಿನ ಸಾಲನ್ನೆಲ್ಲ ಕೆಂಪು ಬಾಟಲಿಗಳು ಹಿಡಿದುಕೊಂಡಿವೆ. ಇಪ್ಪತ್ತು ರೂಪಾಯಿಗೆ ಕಾಲು ಲೀಟರ್ ಎನರ್ಜಿ ಡ್ರಿಂಕ್. ನಾನು ಬಸ್ಸಿಳಿಯುವ ಕಡೆ ಇರುವ ಅಂಗಡಿಯವರನ್ನು ಒಮ್ಮೆ ಕೇಳಿದೆ, ಇದನ್ನು ಯಾರು ಕೊಳ್ಳುತ್ತಾರೆ ಎಂದು. ಹಗಲು ಹೊತ್ತಿನಲ್ಲಿ ಲಾರಿಯವರು, ಬೋಟಿನ ಕೆಲಸದವರು, ಸಂಜೆ ಏಳರ ನಂತರ ಪಕ್ಕದ ಅಂಗಡಿಯಿಂದ ಕ್ವಾರ್ಟರ್ ಹಿಡಿದುಕೊಂಡು ಬರುವ ಹುಡುಗರು ಎಂದರು. "ಈಗ ಸೋಡಾ ಕೇಳುವವರು ನನ್ನ ವಯಸ್ಸಿನವರು ಮಾತ್ರ ಅಕ್ಕಾ" ಎಂದೂ ಸೇರಿಸಿದರು.

ಹುಡುಗರು ಕುಡಿಯುವುದು ನಮ್ಮ ಕಡೆ ಹೊಸದಲ್ಲ. ನನ್ನನ್ನು ಕಾಡುವುದು ಈ ಬೆರಕೆ. ವೋಡ್ಕಾಕ್ಕೋ ಬಿಳಿ ರಮ್ಮಿಗೋ ಈ ಕೆಂಪು ನೀರನ್ನು ಸುರಿದರೆ ಮದ್ಯದ ಕಹಿ ನಾಲಿಗೆಗೆ ತಿಳಿಯುವುದಿಲ್ಲ, ಗಂಟಲು ಉರಿಯುವುದಿಲ್ಲ, ಕುಡಿದವನಿಗೆ ಬೇಗ ತೂಕಡಿಕೆ ಬರುವುದೂ ಇಲ್ಲ. ಬೆಂಗಳೂರಿನ ಪಬ್ಬುಗಳಲ್ಲಿ ವೋಡ್ಕಾ ರೆಡ್ ಬುಲ್, ಯೇಗರ್‌ಬಾಂಬ್ ಎಂದು ಕೈಯಲ್ಲಿ ದುಡ್ಡಿದ್ದವರು ಕುಡಿಯುತ್ತಿದ್ದ ಕಾಕ್‌ಟೇಲ್ ಇಪ್ಪತ್ತು ರೂಪಾಯಿಯ ಬಾಟಲಿಯ ದೆಸೆಯಿಂದ ಬೇಲೇಕೇರಿಯ ದಂಡೆಗೂ ಬಂದಿದೆ, ಶಿರಸಿಯ ಗುಡ್ಡದ ಮೇಲಿನ ಪಾರ್ಟಿಗಳಿಗೂ ಏರಿದೆ. ತೂಕಡಿಕೆ ಬಾರದಿರುವುದನ್ನೇ ಹುಡುಗರು ಅದರ ದೊಡ್ಡ ಲಾಭ ಎಂದು ಎಣಿಸುತ್ತಾರೆ. ಕರಾವಳಿಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್ ಆಗಿರುವ ನನಗೆ ಅದರಷ್ಟು ಭಯ ಹುಟ್ಟಿಸುವುದು ಇನ್ನೊಂದಿಲ್ಲ.

ಮೂಗಿಗೆ ಮುಟ್ಟದ ಬೆರಳು

ಕುಡಿದು ಬಿದ್ದವರನ್ನು ತುರ್ತು ವಿಭಾಗಕ್ಕೆ ಎತ್ತಿಕೊಂಡು ಬಂದಾಗ ಮೊದಲೆಲ್ಲ ನಮಗೆ ನೋಡಿದೊಡನೆ ಒಂದು ಅಂದಾಜು ಸಿಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಹೋಗುತ್ತದೆ, ಮಾತು ತೊದಲುತ್ತದೆ, ಹೆಸರು ಕೇಳಿದರೆ ಅರ್ಧ ಹೇಳಿ ಗೊರಕೆ ಹೊಡೆಯುತ್ತಾರೆ. ಜೊತೆಗೆ ಬಂದವರು ಕೆನ್ನೆ ತಟ್ಟಿ ಎಬ್ಬಿಸುತ್ತಾರೆ. ಎಷ್ಟು ಕುಡಿದಿದ್ದಾರೆ ಎಂಬುದಕ್ಕೆ ಆ ನಿದ್ದೆಯೇ ಒಂದು ಅಳತೆಯಾಗಿತ್ತು.

ಒಂದು ಮಳೆಗಾಲದ ರಾತ್ರಿ ಬಂದ ಹುಡುಗ ಹಾಗಿರಲಿಲ್ಲ. ಬೈಕು ತಿರುವಿನಲ್ಲಿ ಜಾರಿ, ಹೆಗಲಿನ ಮೂಳೆ ಮುರಿದು, ಹಣೆಯ ಚರ್ಮ ಹರಿದಿತ್ತು. ಅಷ್ಟಾದರೂ ಅವನು ಸ್ಟ್ರೆಚರಿನ ಮೇಲೆ ನೆಟ್ಟಗೆ ಕುಳಿತಿದ್ದ. ಊರು, ಅಪ್ಪನ ಹೆಸರು, ಬೈಕಿನ ನಂಬರು, ಎಲ್ಲವನ್ನೂ ಕೇಳುವುದಕ್ಕೆ ಮೊದಲೇ ಹೇಳಿದ. ಪ್ರಜ್ಞೆಯ ಮಟ್ಟಕ್ಕೆ ಅಂಕ ಕೊಡುವ ಗ್ಲಾಸ್ಗೋ ಮಾಪನದಲ್ಲಿ ಅವನಿಗೆ ಹದಿನೈದಕ್ಕೆ ಹದಿನೈದು ಕೊಡಬೇಕಾಗಿತ್ತು. "ಸಿಸ್ಟರ್, ನನಗೆ ಏನೂ ಆಗಿಲ್ಲ. ಹೊಲಿಗೆ ಹಾಕಿ ಬಿಟ್ಟುಬಿಡಿ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು" ಎಂದು ಒಂದೇ ಸಮನೆ ಹೇಳುತ್ತಿದ್ದ. ಕೈ ಹಿಡಿದು ನೋಡಿದರೆ ನಾಡಿ ಓಡುತ್ತಿತ್ತು. ಡಾಕ್ಟರು ಅವನ ನೋವಿಲ್ಲದ ಕೈಯ ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಲು ಹೇಳಿದರು. ಬೆರಳು ಕೆನ್ನೆಗೆ ಹೋಯಿತು. ಮತ್ತೊಮ್ಮೆ ಹೇಳಿದರು, ಈ ಸಲ ತುಟಿಗೆ ಬಂತು. ಲೈಟು ಕಣ್ಣಿಗೆ ಹೊಡೆಯುತ್ತಿದೆ, ಅದಕ್ಕೇ ಹೀಗೆ ಎಂದ. ಏನು ಕುಡಿದಿದ್ದೀರಿ ಎಂದು ಅವನ ಗೆಳೆಯರನ್ನು ಕೇಳಿದಾಗ ವೋಡ್ಕಾದ ಲೆಕ್ಕ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಂಪು ಬಾಟಲಿ ಎಷ್ಟು ಖಾಲಿಯಾಯಿತು ಎಂಬುದು ಮಾತ್ರ ಎಲ್ಲರಿಗೂ ನೆನಪಿತ್ತು.

ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು. ತಾನು ಎಚ್ಚರವಾಗಿದ್ದೇನೆ ಎಂದು ಅವನಿಗೆ ನಿಜವಾಗಿಯೂ ಅನಿಸುತ್ತಿತ್ತು. ಹುಡುಕಿ ಓದುವಾಗ, ಬ್ರೆಜಿಲ್ ದೇಶದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅವನನ್ನೇ ಕಂಡಂತಾಯಿತು. 26 ಯುವಕರಿಗೆ ಬೇರೆ ಬೇರೆ ದಿನ ಮದ್ಯ ಮಾತ್ರ, ಎನರ್ಜಿ ಡ್ರಿಂಕ್ ಮಾತ್ರ, ಎರಡನ್ನೂ ಬೆರೆಸಿದ್ದು ಎಂದು ಕೊಟ್ಟು ಪರೀಕ್ಷಿಸಿದರು. ಬೆರೆಸಿ ಕುಡಿದಾಗ ತಲೆನೋವು ಕಡಿಮೆ, ನಿಶ್ಶಕ್ತಿ ಕಡಿಮೆ, ಬಾಯಿ ಒಣಗುವುದು ಕಡಿಮೆ, ಕೈಕಾಲಿನ ಹಿಡಿತವೂ ಅಷ್ಟಾಗಿ ತಪ್ಪಿಲ್ಲ ಎಂದು ಆ ಯುವಕರು ಹೇಳಿದರು. ಪರೀಕ್ಷೆಯಲ್ಲಿ ಅಳೆದು ನೋಡಿದರೆ ಕೈಯ ಹಿಡಿತವೂ ಕಣ್ಣಿಗೆ ಕಂಡದ್ದಕ್ಕೆ ಪ್ರತಿಕ್ರಿಯಿಸುವ ವೇಗವೂ ಬರಿಯ ಮದ್ಯ ಕುಡಿದಾಗ ಎಷ್ಟು ಕೆಟ್ಟಿದ್ದವೋ ಅಷ್ಟೇ ಕೆಟ್ಟಿದ್ದವು. ಉಸಿರಿನಲ್ಲಿದ್ದ ಮದ್ಯದ ಪ್ರಮಾಣವೂ ಇಳಿದಿರಲಿಲ್ಲ.

ಇದರ ಒಳಗುಟ್ಟು ಅಂಥ ಕಠಿಣವಾದುದೇನಲ್ಲ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನಗೆಂದೇ ಇರುವ ಗ್ರಾಹಕಗಳಲ್ಲಿ ಹೋಗಿ ಕುಳಿತಾಗ ಸಾಕು, ಮಲಗು ಎಂಬ ಸೂಚನೆ ದೇಹಕ್ಕೆ ಸಿಗುತ್ತದೆ. ಮದ್ಯ ಈ ಮಂಪರನ್ನು ಹೆಚ್ಚಿಸುತ್ತದೆ. ಕೆಫೀನ್ ಏನು ಮಾಡುತ್ತದೆ ಎಂದರೆ, ಜಾತ್ರೆಯ ದಿನ ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವವರ ಹಾಗೆ, ಅಡೆನೊಸಿನ್ ಕೂರಬೇಕಾದ ಜಾಗವನ್ನು ತಾನು ಹಿಡಿದುಬಿಡುತ್ತದೆ. ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ, ನಿಂತೇ ಇರುತ್ತದೆ. ಮದ್ಯ ಮಿದುಳಿನ ಬೇರೆ ಭಾಗಗಳಲ್ಲಿ ಮಾಡುವ ಕೆಲಸಕ್ಕೂ, ಅಂದರೆ ವಿವೇಚನೆಯನ್ನು ಸಡಿಲಿಸುವುದಕ್ಕೆ, ತೋಲ ತಪ್ಪಿಸುವುದಕ್ಕೆ, ದೂರದ ಅಂದಾಜನ್ನು ಕೆಡಿಸುವುದಕ್ಕೆ ಕೆಫೀನಿನಿಂದ ಅಡ್ಡಿಯಿಲ್ಲ.

ಯಕೃತ್ತು ಅಂತೂ ತನ್ನ ಪಾಡಿಗೆ ತಾನು ನಡೆಯುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ವೋಡ್ಕಾಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಆಲ್ಕೋಹಾಲ್. 60 ಮಿಲಿಲೀಟರ್ ಕುಡಿದರೆ ಒಳಗೆ ಹೋಗುವುದು ಸುಮಾರು 20 ಗ್ರಾಂ, 180ರ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ಸಾಧಾರಣ ಮೈಕಟ್ಟಿನವರ ಯಕೃತ್ತು ಗಂಟೆಗೆ ಏಳರಿಂದ ಹತ್ತು ಗ್ರಾಂ ಮಾತ್ರ ಕರಗಿಸಬಲ್ಲದು. ಲಿಂಬೆರಸ, ತಣ್ಣೀರು ಸ್ನಾನ, ಕಡಕ್ ಚಹಾ, ಎನರ್ಜಿ ಡ್ರಿಂಕ್, ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ನಸುಕಿನ ಮೂರಕ್ಕೂ ಮದ್ಯ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅದನ್ನು ದಾಟಲು ಹಲವರಿಗೆ ಅರವತ್ತು ಮಿಲಿಲೀಟರೇ ಸಾಕು.

ಬೆರೆಸಿ ಕುಡಿಯುವವರು ಒಟ್ಟಾರೆ ಹೆಚ್ಚು ಕುಡಿಯುತ್ತಾರೆಯೇ ಎಂಬುದರಲ್ಲಿ ಸಂಶೋಧಕರಿಗೆ ಒಮ್ಮತವಿಲ್ಲ. ಸಾಹಸಕ್ಕೆ ಎಳಸುವ ಸ್ವಭಾವದವರೇ ಇದನ್ನು ಹುಡುಕಿಕೊಂಡು ಹೋಗುತ್ತಾರೆ, ದೋಷ ಪಾನೀಯದ್ದಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿರಬಹುದು. ಆದರೆ ಸಾಹಸದ ಹುಡುಗನಿಗೆ ನಿದ್ದೆಯೂ ಬಾರದಂತೆ ಮಾಡಿದರೆ ಏನಾಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಲಾರಿಯವರ ಪಾನೀಯ

ಕೆಫೀನಿನ ಮೇಲೆ ನನಗೆ ಹಗೆಯಿಲ್ಲ. ರಾತ್ರಿ ಪಾಳಿಯಲ್ಲಿ ಚಹಾ ಇಲ್ಲದೆ ನನ್ನ ಕೈ ಓಡುವುದಿಲ್ಲ. ಯಕ್ಷಗಾನದ ಬಯಲಾಟಕ್ಕೆ ಹೋದಾಗ ನಡುರಾತ್ರಿಯ ಚಹಾ ಕುಡಿದು ಬೆಳಗಿನವರೆಗೆ ಚೆಂಡೆಯ ಪೆಟ್ಟು ಕೇಳಿಸಿಕೊಂಡು ಕೂರುವವರ ಜಿಲ್ಲೆ ನಮ್ಮದು. ಎನರ್ಜಿ ಡ್ರಿಂಕಿನ ವಂಶವೂ ದುಡಿಯುವವರದ್ದೇ. ಜಪಾನಿನಲ್ಲಿ ಲಿಪೋವಿಟಾನ್ ಡಿ ಎಂಬ ಸಣ್ಣ ಶೀಶೆಯ ಟಾನಿಕ್ 1962ರಲ್ಲಿ ಬಂತು. ಥಾಯ್ಲೆಂಡಿನಲ್ಲಿ ಚಲಿಯೋ ಯೂವಿಧ್ಯಾ ಎಂಬವರು ತಯಾರಿಸಿದ ಕ್ರಾಟಿಂಗ್ ಡೇಂಗ್ ಲಾರಿ ಚಾಲಕರಲ್ಲೂ ಕೂಲಿಕಾರರಲ್ಲೂ ಬೇರೂರಿತು. ಅದನ್ನು ಕಂಡ ಆಸ್ಟ್ರಿಯದ ಡೀಟ್ರಿಷ್ ಮಾಟೆಶಿಟ್ಸ್, ಚಲಿಯೋ ಅವರೊಡನೆ ಪಾಲುಗಾರಿಕೆ ಮಾಡಿ, ರುಚಿ ಬದಲಿಸಿ, ಗ್ಯಾಸು ತುಂಬಿಸಿ 1987ರಲ್ಲಿ ರೆಡ್ ಬುಲ್ ಎಂದು ತನ್ನ ದೇಶದಲ್ಲಿ ಮಾರಾಟಕ್ಕಿಟ್ಟ. ದಾರಿಯಲ್ಲಿ ಕಣ್ಣು ಮುಚ್ಚಬಾರದು ಎಂದು ಚಾಲಕರು ಕುಡಿಯುತ್ತಿದ್ದುದನ್ನು ಈಗ, ಸ್ಟೀರಿಂಗ್ ಮುಟ್ಟಲೇಬಾರದಾದ ಸ್ಥಿತಿಗೆ ತರುವ ವಸ್ತುವಿನೊಡನೆ ಬೆರೆಸುತ್ತಿದ್ದಾರೆ.

ಬಾಟಲಿಯೊಳಗಿನ ಕೆಫೀನ್ ಕೂಡ ಬೆಚ್ಚಿಬೀಳುವಷ್ಟೇನಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಕಾಲು ಲೀಟರಿನ ಬಾಟಲಿಗೆ ಹೆಚ್ಚೆಂದರೆ 75, ಅಂದರೆ ಒಂದು ದೊಡ್ಡ ಲೋಟ ಕಾಫಿಯಷ್ಟು. ದಿನಕ್ಕೆ 500 ಮಿಲಿಲೀಟರಿಗಿಂತ ಹೆಚ್ಚು ಬೇಡ, ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಸಲ್ಲದು ಎಂದು ಲೇಬಲ್ಲಿನ ಮೇಲೆ ಬರೆದಿರುತ್ತದೆ. ಬಿಸಿ ಕಾಫಿಯನ್ನು ಮಾತ್ರ ಯಾರೂ ಗಟಗಟನೆ ನಾಲ್ಕು ಲೋಟ ಕುಡಿಯಲಾರರು. ಐರ್ಲೆಂಡಿನ ಫಾಯ್ನ್ಸ್ ಎಂಬಲ್ಲಿ ಜೋ ಶೆರಿಡನ್ ಎಂಬ ಅಡುಗೆಯವರು 1940ರ ದಶಕದಲ್ಲಿ ಚಳಿಯಲ್ಲಿ ಬಂದ ಪ್ರಯಾಣಿಕರಿಗೆಂದು ಕಾಫಿಗೆ ವಿಸ್ಕಿ ಬೆರೆಸಿ ಕೊಟ್ಟರು, ಅದೇ ಐರಿಷ್ ಕಾಫಿ. ಅಲ್ಲಿಯೂ ಕೆಫೀನ್ ಇದೆ, ಮದ್ಯ ಇದೆ. ಆದರೆ ಅದು ಊದಿ ಊದಿ ಕುಡಿಯುವ ಒಂದು ಗ್ಲಾಸು. ತಣ್ಣಗೆ, ಸಿಹಿಯಾಗಿ, ಬಕೆಟ್ಟುಗಟ್ಟಲೆ ಇಳಿಯುವುದರ ಮಾತು ಬೇರೆ.

ಅಮೆರಿಕದಲ್ಲಿ ಇವೆರಡನ್ನೂ ಕಾರ್ಖಾನೆಯಲ್ಲಿಯೇ ಬೆರೆಸಿ ಫೋರ್ ಲೋಕೋ ಎಂಬ ಹೆಸರಿನ ದೊಡ್ಡ ಡಬ್ಬಿಗಳಲ್ಲಿ ಮಾರುತ್ತಿದ್ದರು. 2010ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಒಂದು ಪಾರ್ಟಿಯಲ್ಲಿ ಅದನ್ನು ಕುಡಿದ ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ನವೆಂಬರಿನಲ್ಲಿ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತವು ನಾಲ್ಕು ಕಂಪನಿಗಳಿಗೆ, ಮದ್ಯಕ್ಕೆ ಸೇರಿಸಿದ ಕೆಫೀನ್ ಸುರಕ್ಷಿತವಲ್ಲ ಎಂದು ಎಚ್ಚರಿಕೆಯ ಪತ್ರ ಬರೆಯಿತು. ಆ ಡಬ್ಬಿಯಿಂದ ಕೆಫೀನನ್ನು ತೆಗೆದುಹಾಕಿದರು. ಬಾರಿನ ಕೌಂಟರಿನಲ್ಲಿ ಬೆರೆಸುವುದು ನಿಲ್ಲಲಿಲ್ಲ. ಎರಡು ಬಾಟಲಿ ಎರಡು ಅಂಗಡಿಯಿಂದ ಬಂದು ತೆಂಗಿನ ಮರದ ಬುಡದಲ್ಲಿ ಸೇರಿದರೆ ನಮ್ಮಲ್ಲಿಯೂ ಅದನ್ನು ನೋಡುವ ಇಲಾಖೆ ಯಾವುದೂ ಇಲ್ಲ.

ಮಾವನ ಜಗಲಿ

ಅಘನಾಶಿನಿಯ ದಂಡೆಯಲ್ಲಿರುವ ನನ್ನ ಅಜ್ಜಿಯ ಮನೆಯಲ್ಲಿ ಸೋದರಮಾವ ಕುಡಿಯುತ್ತಿದ್ದರು. ಬೇಸಗೆಯಲ್ಲಿ ಗೇರುಹಣ್ಣಿನ ಫೆನ್ನಿ, ಉಳಿದ ಕಾಲದಲ್ಲಿ ಕೊಟ್ಟೆ ಸಾರಾಯಿ. ಆ ದಿನಗಳನ್ನು ಚೆಂದವಾಗಿತ್ತು ಎಂದು ಹೇಳಲು ನನ್ನಿಂದಾಗದು. ಕೂಲಿಯ ದುಡ್ಡು ಮನೆ ಸೇರುತ್ತಿರಲಿಲ್ಲ, ಅತ್ತೆಯ ಕಿವಿಯ ಓಲೆ ಅಡವಿಗೆ ಹೋದದ್ದು ತಿರುಗಿ ಬರಲಿಲ್ಲ. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಆ ಕೇರಿಯ ಹೆಂಗಸರು ದೇವರಿಗೆ ತೆಂಗಿನಕಾಯಿ ಒಡೆದಿದ್ದರು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂದು ಕೂರುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ.

ಆದರೆ ಮಾವ ಕುಡಿದರೆ ಒಂಬತ್ತು ಗಂಟೆಗೆಲ್ಲ ಜಗಲಿಯ ಮೇಲೆ ಬಿದ್ದು ನಿದ್ದೆ ಮಾಡುತ್ತಿದ್ದರು. ಜಗಳ ಆಡುವುದಿದ್ದರೂ ಅಷ್ಟರೊಳಗೇ ಮುಗಿಯಬೇಕಿತ್ತು. ತಾರಿ ದಾಟಿ ಹೋಗುತ್ತೇನೆ, ಈಗಲೇ ಅವನನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಎದ್ದು ನಿಂತವರನ್ನು ಮೈಭಾರವೇ ಹಿಡಿದು ಕೂರಿಸುತ್ತಿತ್ತು. ಅತ್ತೆ ಅದನ್ನೇ ಕಾಯುತ್ತಿದ್ದರು. ಗೊರಕೆ ಕೇಳಿದ ಮೇಲೆ ಮಕ್ಕಳಿಗೆ ಬಡಿಸುತ್ತಿದ್ದರು. ಅವರ ಬದುಕಿನಲ್ಲಿ ಆ ನಿದ್ದೆ ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದು ನನಗೆ ನರ್ಸ್ ಆದ ಮೇಲೆ ಅರ್ಥವಾಯಿತು. ಕುಡಿದವನನ್ನು ಅವನಿಂದಲೂ ಉಳಿದವರನ್ನು ಅವನಿಂದಲೂ ಕಾಯುವ ಒಂದೇ ಒಂದು ಕಾವಲು ಅದು. ಶಿರಸಿಯ ಕಡೆಯ ಊಟದಲ್ಲಿ ಅಪ್ಪೆಹುಳಿ ಕುಡಿದವರು ಕೂತಲ್ಲೇ ತೂಗುತ್ತಾರೆ ಎಂದು ಹೇಳಿಕೊಂಡು ನಗುವ ಜನ ನಾವು, ಎಂಥ ಪಾನೀಯದ ಗುಣವನ್ನೂ ನಿದ್ದೆಯಿಂದ ಅಳೆದವರು. ಈಗಿನ ಹುಡುಗರು ಇಪ್ಪತ್ತು ರೂಪಾಯಿ ಕೊಟ್ಟು ಆ ಕಾವಲನ್ನೇ ಎಬ್ಬಿಸಿ ಕಳಿಸುತ್ತಿದ್ದಾರೆ.

ಅದನ್ನು ಕಳಿಸಿದ ಮೇಲೆ ಎದುರಿಗಿರುವುದು ನಮ್ಮ ಜಿಲ್ಲೆಯ ನೆಲ ಮತ್ತು ನೀರು. ಒಂದು ಕಡೆ ನಾಲ್ಕು ಪಥದ ಹೆದ್ದಾರಿ, ಅದರ ಮೇಲೆ ರಾತ್ರಿಯಿಡೀ ಲಾರಿ. ಇನ್ನೊಂದು ಕಡೆ ದೇವಿಮನೆ, ಅರಬೈಲು ಘಟ್ಟಗಳ ತಿರುವು. ಗೋಕರ್ಣದ ಓಂ ಬೀಚು, ಕುಡ್ಲೆ ಬೀಚುಗಳಲ್ಲಿ ನಡುರಾತ್ರಿ ಎಚ್ಚರವಿದ್ದವನಿಗೆ ಕಡಲು ಹತ್ತಿರವೇ ಕಾಣುತ್ತದೆ, ಸೆಳೆತ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಜೀವರಕ್ಷಕರು ಇರುವುದಿಲ್ಲ. ತಲೆಗೆ ಪೆಟ್ಟು ಬಿದ್ದರೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಗೋವಾವೋ ಎಂದು ಮನೆಯವರು ಆಂಬುಲೆನ್ಸಿನ ಬಾಗಿಲಲ್ಲಿ ನಿಂತು ತೀರ್ಮಾನಿಸಬೇಕು. ಅಂಕೋಲೆಯಿಂದ ಯಾವ ಕಡೆ ಹೊರಟರೂ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂದು 2022ರಲ್ಲಿ ಇಲ್ಲಿಯ ಜನ ದೊಡ್ಡ ದನಿಯಲ್ಲಿ ಕೇಳಿದ್ದು ಇದೇ ಕಾರಣಕ್ಕೆ. ಬೆಂಗಳೂರಿನ ಪಬ್ಬಿನಿಂದ ಹೊರಬಂದವನು ಟ್ಯಾಕ್ಸಿ ಹತ್ತಬಹುದು. ಅವರ್ಸಾದ ತೋಟದಿಂದ ಹೊರಬಂದವನಿಗೆ ಬೈಕಲ್ಲದೆ ಬೇರೆ ಏನಿದೆ?

ಕವಳದ ಚೀಲ

ಅಕ್ಕನ ಮಗನ ಮದುವೆಯ ಹಿಂದಿನ ರಾತ್ರಿ ಮನೆಯ ಹಿಂದಿನ ತೋಟದಲ್ಲಿ ಹುಡುಗರ ಗುಂಪು ಕೂತಿತ್ತು. ಮಾಜಾಳಿಯ ಗಡಿಯಾಚೆ ಗೋವಾದಿಂದ ತಂದ ವೋಡ್ಕಾ, ಹೊಸ ಪ್ಲಾಸ್ಟಿಕ್ ಬಕೆಟ್ಟು, ಮೀನಿನ ಪೇಟೆಯಿಂದ ತಂದ ಐಸು, ಒಂದು ಕ್ರೇಟು ಕೆಂಪು ಬಾಟಲಿ. ಬಕೆಟ್ಟಿಗೆ ಎಲ್ಲವನ್ನೂ ಸುರಿದು ಲೋಟದಿಂದ ಮೊಗೆದು ಕುಡಿಯುತ್ತಿದ್ದರು. ಪೆಗ್ಗಿನ ಅಳತೆ ಅಲ್ಲಿಗೇ ಹೋಯಿತು. ಹಿರಿಯರು ತಮ್ಮ ಪಾಲಿನ ವಿಸ್ಕಿ ಕುಡಿದು ಹನ್ನೊಂದಕ್ಕೆ ಚಾಪೆ ಹುಡುಕಿದರು. ಹುಡುಗರ ಗದ್ದಲ ಎರಡು ಗಂಟೆಯಾದರೂ ಇಳಿಯಲಿಲ್ಲ. ಆಗ ಯಾರಿಗೋ ಕಾರವಾರದ ಟ್ಯಾಗೋರ್ ಬೀಚಿಗೆ ಹೋಗಬೇಕು ಎನಿಸಿತು, ಉಳಿದವರೆಲ್ಲ ಎದ್ದರು.

ಮೈದುನನ ಮಗ ಬೈಕಿನ ಕೀಲಿ ಹುಡುಕುತ್ತಾ ಒಳಗೆ ಬಂದ. ತಡೆದೆ. "ದೊಡ್ಡಮ್ಮ, ನನಗೆ ಏರಿಯೇ ಇಲ್ಲ. ಬೇಕಿದ್ದರೆ ನೋಡು, ಒಂದೇ ಕಾಲಿನ ಮೇಲೆ ನಿಲ್ಲುತ್ತೇನೆ" ಎಂದು ನಿಂತ, ಚಪ್ಪರದ ಕಂಬವನ್ನು ಅಪ್ಪಿಕೊಂಡು. ಕಂಬ ಹಿಡಿದದ್ದು ಅವನ ಅರಿವಿಗೇ ಬಂದಿರಲಿಲ್ಲ. ಮಾತು ಸ್ಪಷ್ಟವಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಅವನ ಅಪ್ಪನೇ ಎದ್ದು ಬಂದು ನೋಡಿ, "ಹುಷಾರಾಗಿಯೇ ಇದ್ದಾನಲ್ಲ, ಹೋಗಿ ಬರಲಿ ಅತ್ತಿಗೆ" ಎಂದ. ಎಚ್ಚರ ಮತ್ತು ಸ್ವಸ್ಥ ಎರಡೂ ಒಂದೇ ಎಂದು ನಾವೆಲ್ಲ ತಿಳಿದಿದ್ದೇವೆ, ಆಸ್ಪತ್ರೆಯಲ್ಲಿ ಅದನ್ನು ನೋಡದಿದ್ದರೆ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ವಾದ ಬೆಳೆಯುತ್ತಿರುವಾಗ ಅಕ್ಕನ ಅತ್ತೆ, ಎಂಬತ್ತು ದಾಟಿದವರು, ಮೆಲ್ಲನೆ ಎದ್ದು ಗೋಡೆಯ ಮೊಳೆಯಲ್ಲಿದ್ದ ಕೀಲಿಗಳನ್ನೆಲ್ಲ ಒಂದೊಂದಾಗಿ ತೆಗೆದು ತಮ್ಮ ಎಲೆಅಡಿಕೆಯ ಕವಳದ ಚೀಲಕ್ಕೆ ಹಾಕಿಕೊಂಡರು. ಚೀಲವನ್ನು ತಲೆಯಡಿಗೆ ಇಟ್ಟು ಮಲಗಿದರು. ಅವರನ್ನು ಎಬ್ಬಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಾಲ್ಕರ ಹೊತ್ತಿಗೆ ಕೆಫೀನಿನ ಬಲ ತಗ್ಗಿತು. ತಡೆದಿದ್ದ ನಿದ್ದೆಯೆಲ್ಲ ಒಮ್ಮೆಲೇ ಬಂತು, ಹುಡುಗರು ಅಲ್ಲಲ್ಲೇ ಬಿದ್ದರು. ಮೈದುನನ ಮಗ ವಾಂತಿ ಮಾಡಿಕೊಂಡು ಕರೆದರೂ ಏಳದಂತಾದ. ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿ ಶ್ವಾಸನಾಳಕ್ಕೆ ಇಳಿಯದಂತೆ ಬಾಯಿ ಕೆಳಗಾಗಿ ಇರಿಸಿ, ಉಸಿರು ಎಣಿಸುತ್ತಾ ಬೆಳಕು ಹರಿಯುವವರೆಗೆ ಕೂತೆ. ಅವನ ಅಪ್ಪನೂ ಪಕ್ಕದಲ್ಲಿ ಕೂತಿದ್ದ. ಕೀಲಿ ಸಿಕ್ಕಿದ್ದರೆ ಆ ನಿದ್ದೆ ಮಗನಿಗೆ ಹೆದ್ದಾರಿಯಲ್ಲಿಯೇ ಬರುತ್ತಿತ್ತು ಎಂದು ನಾನು ಹೇಳಲಿಲ್ಲ, ಅವನಿಗೆ ತಿಳಿದಿತ್ತು.

ಇದನ್ನು ಈಗ ಬರೆಯುವುದಕ್ಕೆ ಕಾರಣ ನಮ್ಮ ಮನೆತನದಲ್ಲಿ ಮುಂದಿನ ತಿಂಗಳು ಇನ್ನೊಂದು ಮದುವೆಯಿದೆ. ಕುಡಿಯಬೇಡಿ ಎಂದರೆ ಕೇಳುವ ವಯಸ್ಸಿನವರಲ್ಲ ಅವರು. ಹಾಗಾಗಿ ಮೈದುನನೂ ನಾನೂ ಕೂತು ಬೇರೆ ಏರ್ಪಾಡು ಮಾಡಿದ್ದೇವೆ. ಕೆಂಪು ಬಾಟಲಿ ಚಪ್ಪರದೊಳಗೆ ಬರುವಂತಿಲ್ಲ, ಅದರ ಬದಲಿಗೆ ಮುರುಗಲಿನ ಪಾನಕವನ್ನೂ ಸೋಡಾವನ್ನೂ ತರಿಸುತ್ತೇವೆ. ಸಂಜೆ ಏಳಕ್ಕೆ ಬೈಕಿನ ಕೀಲಿಗಳು ಹಿರಿಯರ ಕೈಗೆ ಹೋಗಬೇಕು. ಮಹಡಿಯ ಮೇಲೆ ಹದಿನೈದು ಜನರಿಗೆ ಹಾಸಿಗೆ ಹಾಸಿರುತ್ತದೆ. ಮನೆಗೇ ಹೋಗಬೇಕು ಎನ್ನುವವರಿಗೆ ಕುಡಿಯದ ಚಾಲಕನಿರುವ ಟೆಂಪೋ ಬೆಳಗಿನವರೆಗೆ ನಿಂತಿರುತ್ತದೆ. ಟೆಂಪೋದ ಬಾಡಿಗೆಗೆ ನನ್ನ ಪಾಲನ್ನು ಕೊಟ್ಟಿದ್ದೇನೆ. ಉಳಿದದ್ದನ್ನು ಹುಡುಗರ ಮನೆಗಳಿಂದ ಕೇಳಲು ಈ ಭಾನುವಾರ ನಾನೋ ಮೈದುನನೋ, ಇಬ್ಬರಲ್ಲಿ ಬಿಡುವಿದ್ದವರು ಹೋಗುತ್ತೇವೆ.